ನಲವತ್ತೈದು ಹಲ್ಲು

ಎಡಗೈಯ ಗವಸು ಹೆಬ್ಬೆರಳಿನ ಗೆಣ್ಣಿಗೆ ಬಂದು ಸಿಕ್ಕಿಕೊಂಡಿತು. ಬ್ರೊನೆಕ್ ಅದನ್ನು ಹಲ್ಲಿನಲ್ಲಿ ಕಚ್ಚಿ ಎಳೆದ. ಹೊಲಿಗೆ ಬಿಟ್ಟಿತು.

"ಇರಿ, ದೊಡ್ಡದು ತಂದುಕೊಡ್ತೀನಿ," ಎಂದ ಶವಸಂಸ್ಕಾರದ ಏರ್ಪಾಟಿನವನು.

"ಬೇಡ ಬಿಡಪ್ಪ. ಹೊರೋದು ಪೆಟ್ಟಿಗೆ, ನುಡಿಸೋದು ಪಿಟೀಲಲ್ಲ."

ಪೆಟ್ಟಿಗೆ ಹೊರುವ ಆರು ಜನರಲ್ಲಿ ಉಳಿದ ಐವರು ಗೋಡೆಗೆ ಒರಗಿ ನಿಂತಿದ್ದರು. ಬ್ರೊನೆಕ್‌ಗೆ ನಿಲ್ಲಲಾಗಲಿಲ್ಲ, ಕೂರಲೂ ಆಗಲಿಲ್ಲ. ಕಿಟಕಿಗೆ ಹೋಗಿ ಹೊರಗೆ ನೋಡಿದ. ಮಾರ್ಚ್ ತಿಂಗಳ ಹಿಮ ಕರಗಿ ರಸ್ತೆಯ ಅಂಚೆಲ್ಲ ಕಪ್ಪು ಕೆಸರಾಗಿತ್ತು. ಅಲ್ಲಿಂದ ತಿರುಗಿ ಪೆಟ್ಟಿಗೆಯ ಬಳಿಗೆ ಬಂದ. ಒಳಗೆ ಅವನ ಅಕ್ಕನ ಗಂಡ ಲುಡ್ವಿಕ್ ಗ್ರಾಬೆಕ್ ಕಂದು ಕೋಟು ತೊಟ್ಟು, ಬೆರಳಿಗೆ ಜಪಮಾಲೆ ಸುತ್ತಿಕೊಂಡು ಮಲಗಿದ್ದ. ಎಪ್ಪತ್ತಾರು ವರ್ಷ. ಕ್ಷೌರ ಮಾಡಿದವನು ಎಡ ಕಿವಿಯ ಕೆಳಗೆ ಒಂದು ಎಳೆ ಕೂದಲು ಬಿಟ್ಟಿದ್ದ. ಬ್ರೊನೆಕ್ ಮತ್ತೆ ಕಿಟಕಿಗೆ ಹೋದ.

"ಮಾವ, ಇದನ್ನೊಂದ್ಸಲ ನೋಡ್ತೀರಾ?"

ಲುಡ್ವಿಕ್‌ನ ಮಗ ರೇಮಂಡ್. ಕೈಯಲ್ಲಿ ಊರಿನ ಪತ್ರಿಕೆಯಿಂದ ಕತ್ತರಿಸಿದ ತುಂಡು, ಅದರ ಜೊತೆಗೆ ಕಲ್ಲು ಕೆತ್ತುವವನು ಬರೆದುಕೊಟ್ಟ ಚಿತ್ರ. ಪತ್ರಿಕೆಯಲ್ಲಿ "ಒಂಬತ್ತು ನಿಮಿಷದ ಮನುಷ್ಯ ಇನ್ನಿಲ್ಲ" ಎಂದಿತ್ತು. ಚಿತ್ರದಲ್ಲಿ ಸಮಾಧಿಯ ಕಲ್ಲು, ಕಲ್ಲಿನ ಮೇಲೆ ಹಲ್ಲಿರುವ ಒಂದು ಚಕ್ರ, ಚಕ್ರದ ನಡುವೆ ಒಂಬತ್ತು.

"ಊಟಕ್ಕೆ ಮುಂಚೆ ನಾನು ನಾಲ್ಕು ಮಾತಾಡ್ತೀನಿ. ಆಮೇಲೆ ನೀವು ಎದ್ದು, ಅಪ್ಪ ಅದನ್ನ ಹೆಂಗೆ ಲೆಕ್ಕ ಹಾಕಿದ್ರು ಅಂತ ಹೇಳ್ಬೇಕು. ಪಕ್ಕದ ಯಂತ್ರದಲ್ಲಿ ಇದ್ದೋರು ನೀವೇ. ಈಗ ಉಳಿದಿರೋರೂ ನೀವೇ."

"ನಂಗೆ ಮಾತು ಬರಲ್ಲ ಕಣೋ."

"ಎರಡೇ ಮಾತು. ಅಪ್ಪ ನಂಗೆ ಯಾವತ್ತೂ ಹೇಳಲಿಲ್ಲ. ಕೇಳಿದಾಗೆಲ್ಲ ನಕ್ಕೊಂಡು ಎದ್ದು ಹೋಗೋರು."

ಅಲಾರಾಂ ಬಡಿದಾಗ ತಲೆಯ ಮೇಲಿನ ಗುಂಡಿ ಒತ್ತಿದರೆ ಗಡಿಯಾರ ಬಾಯಿ ಮುಚ್ಚುತ್ತದೆ. ಒಂಬತ್ತು ನಿಮಿಷ ಬಿಟ್ಟು ಮತ್ತೆ ಬಡಿಯುತ್ತದೆ. ಹತ್ತೂ ಅಲ್ಲ, ಎಂಟೂ ಅಲ್ಲ. ಯಾಕೆ ಒಂಬತ್ತು ಎಂದು ಈ ಊರಿನಲ್ಲಿ ಯಾರನ್ನು ಕೇಳಿದರೂ, ಇಲಿನಾಯ್ ನದಿಯ ದಂಡೆಯಲ್ಲಿ ಎಂಟು ವರ್ಷದಿಂದ ಬೀಗ ಹಾಕಿಕೊಂಡು ನಿಂತಿರುವ ಗಡಿಯಾರ ಕಾರ್ಖಾನೆಯ ಕಡೆ ಗಲ್ಲ ಎತ್ತಿ, ಗ್ರಾಬೆಕ್ ಲೆಕ್ಕ ಹಾಕಿದ್ದು ಅನ್ನುತ್ತಾರೆ. ಗಡಿಯಾರ ಮಾಡುತ್ತಿದ್ದ ಬೇರೆ ಊರುಗಳಲ್ಲೂ ಇಂಥ ಒಬ್ಬೊಬ್ಬ ಇದ್ದನೆಂದು ಕೇಳಿಕೆ. ಅದು ಆ ಊರುಗಳ ಮಾತು.

ಈ ಊರಿನ ಮಾತು ಸುಳ್ಳೆಂದು ಬಲ್ಲವರಲ್ಲಿ ಉಳಿದಿದ್ದವರು ಇಬ್ಬರೇ. ಒಬ್ಬ ಪೆಟ್ಟಿಗೆಯಲ್ಲಿದ್ದ. ಇನ್ನೊಬ್ಬ ಹರಿದ ಗವಸು ತೊಟ್ಟು ಕಿಟಕಿಗೂ ಪೆಟ್ಟಿಗೆಗೂ ನಡುವೆ ಅಲೆಯುತ್ತಿದ್ದ. ಒಂಬತ್ತು ಲೆಕ್ಕವಾಗಿರಲಿಲ್ಲ, ತಪ್ಪಾಗಿತ್ತು. ತಪ್ಪು ಬ್ರೊನೆಕ್‌ನದು, ಅದಕ್ಕೆ ದಂಡ ತೆತ್ತವನು ಲುಡ್ವಿಕ್. ಅಕ್ಕನಿಗೆ ಇದನ್ನು ಇವತ್ತು ಹೇಳಿಬಿಡಬೇಕೆಂದು ಬ್ರೊನೆಕ್ ಮೂರು ರಾತ್ರಿಯಿಂದ ಹಠ ಹಿಡಿದಿದ್ದ. ಆದರೆ ಭಾವ ಬದುಕಿದ್ದಾಗ ಹೇಳಿದ್ದರೆ ತಪ್ಪೊಪ್ಪಿಗೆ ಆಗುತ್ತಿತ್ತು. ಈಗ ಹೇಳಿದರೆ ಸತ್ತವನ ಹೆಸರಿನಲ್ಲಿ ಪಾಲು ಕೇಳಿದ ಹಾಗೆ ಆಗುತ್ತದೆ. ಇದು ಅವನಿಗೆ ಹೊಳೆದದ್ದು ಪತ್ರಿಕೆ ನೋಡಿದ ಮೇಲೆ.

*

ಐವತ್ತಾರನೇ ಇಸವಿಯ ಅಕ್ಟೋಬರ್. ಚಿಕ್ಕಪ್ಪನ ಮಗಳ ಮದುವೆ ಶನಿವಾರ ಶುರುವಾಗಿ ಸೋಮವಾರ ಬೆಳಗಾದರೂ ಮುಗಿದಿರಲಿಲ್ಲ. ಬ್ರೊನೆಕ್ ಅಕಾರ್ಡಿಯನ್ ಕೆಳಗಿಟ್ಟು, ಮುಖಕ್ಕೆ ನೀರು ಹಾಕಿಕೊಂಡು, ಮದುವೆಯ ಅಂಗಿಯ ಮೇಲೇ ಕೆಲಸದ ಅಂಗಿ ಏರಿಸಿ ಏಳು ಗಂಟೆಗೆ ಯಂತ್ರದ ಮುಂದೆ ನಿಂತ.

ಹೊಸ ನಮೂನೆಯ ಗಡಿಯಾರಕ್ಕೆ ಹಿತ್ತಾಳೆಯ ಚಕ್ರ ಕೊಯ್ಯಬೇಕಿತ್ತು. ಗುಂಡಿ ಒತ್ತಿ ಮಲಗಿದವನನ್ನು ಹತ್ತು ನಿಮಿಷ ಬಿಟ್ಟು ಎಬ್ಬಿಸುವ ಚಕ್ರ. ನಕ್ಷೆಯಲ್ಲಿ ಅದಕ್ಕೆ ಐವತ್ತು ಹಲ್ಲು. ಯಂತ್ರದ ಬದಿಗೆ ಉಕ್ಕಿನ ತಟ್ಟೆಯೊಂದಿತ್ತು, ಅದರ ತುಂಬ ಒಂದರೊಳಗೊಂದು ವೃತ್ತವಾಗಿ ಸಣ್ಣ ತೂತುಗಳು. ಮೊಳೆ ಸಿಕ್ಕಿಸಿದ ವೃತ್ತದಲ್ಲಿ ಎಷ್ಟು ತೂತೋ ಚಕ್ರಕ್ಕೆ ಅಷ್ಟು ಹಲ್ಲು. ಐವತ್ತರ ವೃತ್ತದ ಒಳಮಗ್ಗುಲಲ್ಲೇ ನಲವತ್ತೈದರ ವೃತ್ತ. ನಿದ್ದೆಗಣ್ಣಿನ ಬ್ರೊನೆಕ್ ಒಳಗಿನದಕ್ಕೆ ಸಿಕ್ಕಿಸಿದ.

ಕೊಯ್ದವನೇ ಎಣಿಸಿದರೆ ಸಾಲದು ಎಂಬುದು ಆ ಕಾರ್ಖಾನೆಯ ಕಟ್ಟಳೆ. ಮೊದಲ ಚಕ್ರವನ್ನು ಇನ್ನೊಬ್ಬ ಸೂಜಿ ಹಿಡಿದು ಹಲ್ಲು ಹಲ್ಲು ಎಣಿಸಿ, ತನ್ನ ನಂಬರನ್ನು ಹಿತ್ತಾಳೆ ಬಿಲ್ಲೆಗೆ ಒತ್ತಿ, ಬಿಲ್ಲೆಯನ್ನು ಸರಕಿನ ಪೆಟ್ಟಿಗೆಗೆ ಕಟ್ಟಬೇಕು. ಕೊಯ್ದವನ ಗುರುತು ಎಲ್ಲೂ ಇರುವುದಿಲ್ಲ; ಅಲ್ಲಿಂದಾಚೆಗೆ ಆ ಸರಕಿಗೆಲ್ಲ ಬಿಲ್ಲೆ ಒತ್ತಿದವನೇ ಹೊಣೆ. ಆದರೆ ಆ ಸಾಲಿನಲ್ಲಿ ಅಪ್ಪ ಮಗ, ಅಣ್ಣ ತಮ್ಮ, ಭಾವ ಭಾವಮೈದ ಎಂದು ಒಂದೇ ಮನೆಯವರು ಅಕ್ಕಪಕ್ಕ ನಿಂತಿದ್ದರು. ಮನೆಯವನು ಕೊಯ್ದದ್ದನ್ನು ಎಣಿಸಿದರೆ ನಿನ್ನ ಮೇಲೆ ನಂಬಿಕೆಯಿಲ್ಲ ಎಂದು ಮುಖಕ್ಕೆ ಹೇಳಿದಂತೆ. ಬಾಯಿಮಾತು ಕೇಳಿಯೇ ಒತ್ತಿಬಿಡುತ್ತಿದ್ದರು.

"ಎಣಿಸಿದ್ಯಾ?" ಎಂದ ಲುಡ್ವಿಕ್.

"ಎರಡು ಸಲ ಎಣಿಸ್ದೆ ಭಾವ."

ಅವನು ಒಂದು ಸಲವೂ ಎಣಿಸಿರಲಿಲ್ಲ.

"ನಿನ್ನ ಕಣ್ಣು ನೋಡಿದ್ರೆ ಒಂದೊಂದು ಎರಡೆರಡಾಗಿ ಕಾಣ್ತಿರೋ ಹಂಗಿದೆಯಲ್ಲೋ."

"ಹಂಗಾದ್ರೆ ನೂರು ಬಂದಿರ್ಬೇಕು. ಅರ್ಧ ಮಾಡ್ಕೊ."

ಲುಡ್ವಿಕ್ ನಕ್ಕು ಬಿಲ್ಲೆಗೆ ತನ್ನ ನಂಬರ್ ನೂರ ಹದಿನೇಳನ್ನು ಒತ್ತಿದ.

*

ಪೂಜೆ ಮುಗಿಯಿತು. ಇಗರ್ಜಿಯಿಂದ ಸ್ಮಶಾನಕ್ಕೆ ನಾಲ್ಕು ಮೈಲಿ. ಹೆಣದ ಗಾಡಿಯ ಹಿಂದಿನ ಕಾರಿನಲ್ಲಿ ಅಕ್ಕ ಸ್ಟೆಫಾ ಒಂದು ಕಿಟಕಿಗೆ, ಬ್ರೊನೆಕ್ ಇನ್ನೊಂದು ಕಿಟಕಿಗೆ ಕೂತಿದ್ದರು. ಕಾರಿನಲ್ಲಾದರೂ ಅಕ್ಕ ಒಬ್ಬಳೇ ಸಿಗುತ್ತಾಳೆಂದು ಅವನು ಎಣಿಸಿದ್ದ. ಅಷ್ಟರಲ್ಲಿ ಓಟಿಲಿಯಾ ಬಾಗಿಲು ತೆಗೆದು, "ನಂಗೆ ಬಸ್ಸು ಹತ್ತೋಕೆ ಮಂಡಿ ಬಿಡಲ್ಲ," ಎಂದು ಇಬ್ಬರ ನಡುವೆ ತೂರಿಕೊಂಡಿದ್ದಳು. ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ಅಲಾರಾಂ ಪರೀಕ್ಷೆಯ ಮೇಜಿನಲ್ಲಿ ಕೂತವಳು. ಈಗ ಬಲಗಿವಿ ಕೇಳುತ್ತಿರಲಿಲ್ಲ.

"ಒಂದು ಹೊತ್ತಿಗೆ ನಲವತ್ತು ಗಡಿಯಾರ ಬಡ್ಕೊಳ್ಳೋವು," ಎಂದಳು ಯಾರೂ ಕೇಳದಿದ್ದರೂ. "ಆ ಗಲಾಟೇಲಿ ನಾನು ತೂಕಡಿಸ್ತಿದ್ದೆ ಅಂದ್ರೆ ನಂಬ್ತೀಯಾ ಸ್ಟೆಫಾ? ಮನೇಲಿ ನಮ್ಮೋರ ಗೊರಕೆಗಿಂತ ಅದೇ ಎಷ್ಟೋ ವಾಸಿ."

ಸ್ಟೆಫಾ ತುಟಿ ಸ್ವಲ್ಪ ಸಡಿಲಿಸಿದಳು.

"ಆ ಒಂಬತ್ತು ನಿಮಿಷ ಮೊದಲು ಕಂಡಿದ್ದು ನಾನೇ, ಗೊತ್ತಾ? ಹತ್ತಕ್ಕೆ ಬಡೀಬೇಕು ಅಂತ ಕಾಗದದಲ್ಲಿತ್ತು, ಒಂಬತ್ತಕ್ಕೇ ಬಡೀತು. ನಾನು ಅಂದ್ಕೊಂಡೆ, ಓಟಿಲಿಯಾ, ನೀನು ಎಣಿಸೋದು ಮರ್ತೆ ಅಂತ. ಆಮೇಲೆ ತಾನೆ ಗೊತ್ತಾಗಿದ್ದು, ಗ್ರಾಬೆಕ್ ಬೇಕು ಅಂತಲೇ ಹಂಗೆ ಮಾಡಿದ್ದ ಅಂತ. ಎಂಥ ತಲೆ."

"ತಲೆ ಎಲ್ಲಾ ಕಾರ್ಖಾನೆಗೆ, ಹಸುಗಳಿಗೆ," ಎಂದಳು ಸ್ಟೆಫಾ.

"ಇವತ್ತು ಹಂಗನ್ನಬೇಡ್ವೇ."

"ಯಾಕನ್ನಬಾರದು? ಹನ್ನೊಂದು ವರ್ಷ ಓಟಿಲಿಯಾ. ಮಧ್ಯಾಹ್ನ ಮೂರಕ್ಕೆ ಹೋದ್ರೆ ರಾತ್ರಿ ಹನ್ನೊಂದಕ್ಕೆ ಬರೋರು. ಬೆಳಗಿನ ಪಾಳಿ ಕೈಯಲ್ಲಿತ್ತು, ಬಿಟ್ಟು ತಾವಾಗೇ ಕೇಳಿ ಎರಡನೇ ಪಾಳಿ ಹಾಕಿಸ್ಕೊಂಡ್ರು, ಬೆಳಗ್ಗೆ ಹಸು ನೋಡ್ಕೋಬೇಕು ಅಂತ. ಆರು ಹಸು. ಹೆಂಡತಿ ಒಬ್ಬಳು ಇದಾಳೆ, ಸಂಜೆ ದೀಪದ ಮುಂದೆ ದಾರಿ ನೋಡ್ತಾಳೆ ಅಂತ ಅನ್ನಿಸಲಿಲ್ಲ. ಒಂದು ವರ್ಷ ನಾನು ಮಾತು ಬಿಟ್ಟಿದ್ದೆ. ಅದಕ್ಕೂ ಏನೂ ಅನ್ನಲಿಲ್ಲ."

ಬ್ರೊನೆಕ್ ಮೊಣಕಾಲಿನ ಮೇಲೆ ಕೈ ಉಜ್ಜಿಕೊಂಡ. ಕಿಟಕಿಯ ಗಾಜು ಇಳಿಸಿ ಮತ್ತೆ ಏರಿಸಿದ.

"ಅಕ್ಕ," ಎಂದ.

"ಏನು?"

"ಹಸುಗಳ ವಿಷ್ಯ ಅಲ್ಲ ಅದು..."

"ಏನಂದ?" ಎಂದು ಓಟಿಲಿಯಾ ಸ್ಟೆಫಾಳನ್ನು ಕೇಳಿದಳು. ಅವನ ಕಡೆಗಿದ್ದದ್ದು ಕೇಳದ ಕಿವಿ. "ಹಸುಗಳು ಎಲ್ಲಿ ಅಂತಾನಾ? ಮಾರಿ ಹತ್ತು ವರ್ಷ ಆಯ್ತಲ್ಲೋ ಬ್ರೊನೆಕ್. ನಿಂಗೆ ಎಪ್ಪತ್ತೊಂದಕ್ಕೇ ಹಿಂಗಾದ್ರೆ ಹೆಂಗೆ?"

ಕಾರು ಸ್ಮಶಾನದ ಗೇಟಿನೊಳಗೆ ತಿರುಗಿತು.

ಪೆಟ್ಟಿಗೆ ಹೊರುವಾಗ ಕೆಸರು ಪಾದ ಬಿಡುತ್ತಿರಲಿಲ್ಲ. ಬ್ರೊನೆಕ್ ಎರಡು ಸಲ ಜಾರಿದ. ಹಿಂದಿನವನು, "ನಿಧಾನ ತಾತ, ಅವರಿಗೇನೂ ಅವಸರ ಇಲ್ಲ," ಎಂದು ಪಿಸುಗುಟ್ಟಿದ. ಪಾದ್ರಿ ಪವಿತ್ರ ಜಲ ಚಿಮುಕಿಸಿದರು. ಗುಂಡಿಯ ಆಚೆ ದಡದಲ್ಲಿ ನಿಂತ ಅಕ್ಕನನ್ನು ಬ್ರೊನೆಕ್ ನೋಡಿದ. ಹಿಡಿ ಮಣ್ಣು ಹಾಕುವ ಮೊದಲು ಹೇಳಬೇಕೆಂದುಕೊಂಡಿದ್ದವನು ತನ್ನ ಸರದಿ ಬಂದಾಗ ಮಣ್ಣು ಹಾಕಿ ಪಕ್ಕಕ್ಕೆ ಸರಿದ.

*

ನಾಲ್ಕು ಸಾವಿರ ಚಕ್ರ ಗಡಿಯಾರಗಳ ಹೊಟ್ಟೆಯೊಳಗೆ ಕೂತ ಮೇಲೆ ವಿಷಯ ಬಯಲಾಗಿತ್ತು. ಹಲ್ಲು ತುಸು ದಪ್ಪ, ಹಿಡಿತ ತುಸು ಸಡಿಲ, ಆದರೆ ಚಕ್ರ ತಿರುಗುತ್ತಿತ್ತು. ಮೇಲಿನ ಕಚೇರಿಯಲ್ಲಿ ಒಂದು ಮಧ್ಯಾಹ್ನವೆಲ್ಲ ಮಾತಾಯಿತು. ಕೊನೆಗೆ ಮಾರಾಟದವನೊಬ್ಬ, "ನಿದ್ದೆಗಣ್ಣಲ್ಲಿ ಯಾರ್ರೀ ಎಣಿಸ್ತಾರೆ? ಗಡಿಯಾರದ ಜೊತೆ ಕೊಡೋ ಕಾಗದ ಇನ್ನೂ ಅಚ್ಚಾಗಿಲ್ಲ, ಒಂಬತ್ತು ಅಂತಲೇ ಹಾಕಿ," ಅಂದನಂತೆ. ಚಕ್ರಗಳು ಉಳಿದವು. ಎಣಿಸದೆ ಬಿಲ್ಲೆ ಒತ್ತಿದವನು ಉಳಿಯಲಿಲ್ಲ. ಬೇಸಿಗೆಗೆ ಮೇಸ್ತ್ರಿ ಆಗಬೇಕಿದ್ದ ಲುಡ್ವಿಕ್‌ನನ್ನು ಎರಡನೇ ಪಾಳಿಗೆ, ಚಕ್ರಗಳನ್ನು ಸೀಮೆಎಣ್ಣೆಯಲ್ಲಿ ತೊಳೆಯುವ ಕೋಣೆಗೆ ಹಾಕಿದರು.

ಕೈ ತೊಳೆಯುವ ತೊಟ್ಟಿಯ ಹತ್ತಿರ ಬ್ರೊನೆಕ್ ಅವನ ತೋಳು ಹಿಡಿದುಕೊಂಡ. "ನಾನೇ ಹೋಗಿ ಹೇಳ್ತೀನಿ ಭಾವ."

"ಏನಂತ ಹೇಳ್ತೀಯ? ನೀನು ಎಣಿಸದೆ ಸುಳ್ಳು ಹೇಳ್ದೋನು, ನಾನು ಎಣಿಸದೆ ಒತ್ತಿದೋನು. ಇಬ್ಬರೂ ಹೋಗ್ತೀವಿ. ವೆರ್ನಾಗೆ ಔಷಧಿ ಯಾರು ತರ್ತಾರೆ?"

ವೆರ್ನಾ ಬ್ರೊನೆಕ್‌ನ ಹೆಂಡತಿ. ಆಗಲೇ ಹಾಸಿಗೆ ಹಿಡಿದಿದ್ದಳು.

"ಅಕ್ಕಂಗೆ ಏನ್ ಹೇಳ್ತೀಯ?"

ಲುಡ್ವಿಕ್ ಉಗುರಿನ ಸಂದಿಯ ಕರಿಯನ್ನು ತಿಕ್ಕಿದ. "ಹಸು ನೋಡ್ಕೊಳ್ಳೋಕೆ ಅನುಕೂಲ ಅಂತ ನಾನೇ ಕೇಳ್ಕೊಂಡೆ ಅಂತೀನಿ. ನಿಜ ಹೇಳಿದ್ರೆ ಅವಳು ನಿನ್ನ ಹೊಸ್ತಿಲು ತುಳಿಯೋಕೆ ಬಿಡಲ್ಲ. ನಿಂಗೆ ಇರೋದು ಅವಳೊಬ್ಬಳು."

ಬೇಸಿಗೆಯಲ್ಲಿ ಮೇಸ್ತ್ರಿಯ ಕುರ್ಚಿ ಬ್ರೊನೆಕ್‌ಗೆ ಬಂತು. ಅವನ ಬಿಲ್ಲೆಗಳ ಮೇಲೆ ಯಾವ ಕಪ್ಪುಚುಕ್ಕೆಯೂ ಇರಲಿಲ್ಲ. ಸ್ಟೆಫಾ ಸಂತೋಷಕ್ಕೆ ಗಸಗಸೆಯ ಸಿಹಿರೊಟ್ಟಿ ಮಾಡಿದ್ದಳು. ಎರಡು ವರ್ಷಕ್ಕೆ ವೆರ್ನಾ ತೀರಿಕೊಂಡಳು. ಆಮೇಲೆ ವಾರದಲ್ಲಿ ನಾಲ್ಕು ದಿನ ಅವನ ರಾತ್ರಿಯೂಟ ಅಕ್ಕನ ಮನೆಯಲ್ಲೇ. ಗಂಡ ಮನೆಯಲ್ಲಿಲ್ಲ, ತಮ್ಮನಾದರೂ ಇದ್ದಾನಲ್ಲ ಎಂದು ಅವಳು ಬಿಸಿಬಿಸಿ ಬಡಿಸುತ್ತಿದ್ದಳು. ಅವನು ಉಣ್ಣುತ್ತಿದ್ದ.

ಕಾಲ ಕಳೆದಂತೆ ಮಾರಾಟದವನು ಹೋದ, ಕಚೇರಿಯವರು ಹೋದರು. ಗ್ರಾಬೆಕ್‌ನ ಬಿಲ್ಲೆಯಿಂದ ಒಂಬತ್ತು ಬಂತು ಎನ್ನುವಷ್ಟು ಮಾತ್ರ ಜನರ ಬಾಯಲ್ಲಿ ಉಳಿಯಿತು. ಹೊಸ ಹುಡುಗರು ಅದನ್ನು ಹೊಗಳಿಕೆಯಾಗಿ ಹೇಳತೊಡಗಿದರು.

*

ಇಗರ್ಜಿಯ ನೆಲಮಾಳಿಗೆಯ ಅಡಿಗೆಮನೆಯಲ್ಲಿ ಸ್ಟೆಫಾ ರೈ ಬ್ರೆಡ್ಡು ಕೊಯ್ಯುತ್ತಿದ್ದಳು. "ಇವತ್ತಾದ್ರೂ ಕೂತ್ಕೊ ತಾಯಿ," ಎಂದು ಹೆಂಗಸರು ಹೇಳಿ ಹೇಳಿ ಸೋತಿದ್ದರು. ಅವರು ಸಾಸೇಜಿನ ತಟ್ಟೆಗಳನ್ನು ಹೊತ್ತು ಹೊರಗೆ ಹೋದ ಹೊತ್ತು ನೋಡಿ ಬ್ರೊನೆಕ್ ಒಳಗೆ ಬಂದು ಬಾಗಿಲು ದೂಡಿದ.

"ಹಸಿವಾಯ್ತಾ? ಇನ್ನೈದು ನಿಮಿಷ," ಎಂದಳು ತಿರುಗದೆ.

"ಭಾವ ಎರಡನೇ ಪಾಳಿ ಕೇಳಿ ಹಾಕಿಸ್ಕೊಂಡಿದ್ದಲ್ಲ ಅಕ್ಕ."

ಚಾಕು ನಡೆಯುತ್ತಲೇ ಇತ್ತು.

"ಶಿಕ್ಷೆ ಅಂತ ಹಾಕಿದ್ದು. ಆ ಒಂಬತ್ತು ನಿಮಿಷ ಯಾರೂ ಲೆಕ್ಕ ಹಾಕಿದ್ದಲ್ಲ. ನಾನು ತಪ್ಪು ಕೊಯ್ದೆ. ಎಣಿಸದೆ, ಎಣಿಸ್ದೆ ಅಂತ ಹೇಳ್ದೆ. ಭಾವ ನನ್ನ ಮಾತು ನಂಬಿ ಬಿಲ್ಲೆ ಒತ್ತಿದ. ಸಿಕ್ಕಿಬಿದ್ದಾಗ ನನ್ನ ಹೆಸರು ಎತ್ತಲಿಲ್ಲ. ಮೇಸ್ತ್ರಿ ಕೆಲಸ ಅವನದು. ನನಗೆ ಬಂತು."

"ಹಸುಗಳು?"

"ನಿಂಗೆ ಹೇಳೋಕೆ ಕಟ್ಟಿದ ಮಾತು."

ಅವಳು ಇನ್ನೂ ಮೂರು ಹೋಳು ಕೊಯ್ದಳು. ಮೂರನೆಯದು ಓರೆಯಾಗಿ, ಒಂದು ಕಡೆ ದಪ್ಪ, ಒಂದು ಕಡೆ ಎಲೆಯಷ್ಟು ತೆಳ್ಳಗೆ ಬಿತ್ತು. ಚಾಕು ಕೆಳಗಿಟ್ಟಳು.

"ಹೋದ ಗುರುವಾರ ಆಸ್ಪತ್ರೇಲಿ ನೀರು ಕೇಳಿದ್ರು. ಕುಡಿಸ್ತಾ ಅಂದೆ, ಹಸುಗಳೆಲ್ಲ ಹೋದ ಮೇಲೆ ನನ್ನ ಪಕ್ಕ ಇರೋಕೆ ಪುರುಸೊತ್ತಾಯ್ತು ನಿಮಗೆ ಅಂತ. ನಕ್ಕರು. ನೀರು ಗಲ್ಲದ ಮೇಲೆ ಹರೀತು. ನಾನು ಒರೆಸ್ದೆ. ಆಮೇಲೆ ಮಾತೇ ಆಡಲಿಲ್ಲ."

"ಅಕ್ಕ..."

"ಸುಮ್ನಿರು." ಅವಳು ಕೈಯನ್ನು ಟವಲಿಗೆ ಒರೆಸಿದಳು, ಬೆರಳು ಬೆರಳಾಗಿ. "ನಮ್ಮನೇಲಿ ಕೂತು ಉಣ್ತಿದ್ದಾಗ, ದಿನಾ, ನಿಂಗೆ ಗೊತ್ತಿತ್ತು."

"ಗೊತ್ತಿತ್ತು."

"ನಾನು ಅವರನ್ನ ಬೈಕೊಂಡು ಬಡಿಸೋಳು. ಕೇಳಿಸ್ಕೊಂಡು ಉಂಡೆ."

"ಉಂಡೆ."

ಹೊರಗೆ ಕುರ್ಚಿಗಳನ್ನು ಎಳೆಯುವ ಸದ್ದು. ಯಾರೋ ಲೋಟಕ್ಕೆ ಚಮಚ ತಟ್ಟಿ ಸದ್ದಡಗಿಸುತ್ತಿದ್ದರು. ರೇಮಂಡ್ ಮಾತು ಶುರುಮಾಡಿದ್ದ.

"ಈಗ ಎದ್ದು ಎಲ್ರ ಮುಂದೆ ಹೇಳಿಬಿಡ್ತೀನಿ," ಎಂದ ಬ್ರೊನೆಕ್. "ರೇಮಂಡ್‌ಗೂ ಗೊತ್ತಾಗ್ಲಿ. ಪತ್ರಿಕೆಯವರಿಗೂ."

"ಏನಂತ? ಊರೆಲ್ಲ ನಿಮ್ಮಪ್ಪಂದು ಅಂತಿರೋದು ನಂದು ಕಣೋ ಅಂತಲಾ?"

"ತಪ್ಪು ನಂದು ಅಂತ."

"ತಪ್ಪು ಅಂತ ನೀನು ಹೇಳ್ತೀಯ. ಅವರಿಗೆ ಕೇಳ್ಸೋದು ಒಂಬತ್ತು ಅಂತ. ನಾಳೆಯಿಂದ ಒಂಬತ್ತು ನಿಮಿಷದ ಮನುಷ್ಯ ನೀನಾಗ್ತೀಯ." ಅವಳು ಮೊದಲ ಬಾರಿಗೆ ಅವನ ಮುಖ ನೋಡಿದಳು. "ಹೊಡೆತ ಬೀಳೋವಾಗ ನಂಬರ್ ಅವರದಾಗಿತ್ತು. ಈಗಲೂ ಅವರದೇ ಇರ್ಲಿ. ನಿನ್ನ ಎದೆ ಹಗುರ ಮಾಡ್ಕೊಳ್ಳೋಕೆ ಇವತ್ತು ನಿನ್ನ ದಿನ ಅಲ್ಲ. ಹೋಗು. ಅವರು ಹೆಂಗೆ ಲೆಕ್ಕ ಹಾಕಿದ್ರು ಅಂತ ಹೇಳು. ಚೆನ್ನಾಗಿ ಹೇಳು."

*

ಎಂಬತ್ತು ಜನರಿದ್ದರು. ಹಿಂದಿನ ಸಾಲುಗಳಲ್ಲಿ ಕಾರ್ಖಾನೆಯ ಹಳಬರು ಕೋಟಿನ ಗುಂಡಿ ಬಿಚ್ಚಿಕೊಂಡು ಕೂತಿದ್ದರು. ಬ್ರೊನೆಕ್ ಎದ್ದು ನಿಂತು ಮೇಜಿನ ಅಂಚು ಹಿಡಿದುಕೊಂಡ. ಬಿಟ್ಟ. ಮತ್ತೆ ಹಿಡಿದುಕೊಂಡ.

"ಭಾವ ಬೆಳಗ್ಗೆ ನಾಲ್ಕಕ್ಕೆ ಏಳೋನು," ಎಂದ. "ಹಸು ಇದ್ವಲ್ಲ. ಹಂಗಾಗಿ ಏಳೋ ಕಷ್ಟ ಅವನಿಗೆ ಗೊತ್ತಿತ್ತು. ಒಂದಿನ ನಂಗೆ ಹೇಳ್ದ, ಲೋ ಬ್ರೊನೆಕ್, ಹತ್ತು ನಿಮಿಷ ಬಿಟ್ರೆ ಮನುಷ್ಯ ಮತ್ತೆ ಆಳದ ನೀರಿಗೆ ಇಳೀತಾನೆ, ಎಳೆಯೋದು ಕಷ್ಟ. ಒಂಬತ್ತಕ್ಕೆ ಇನ್ನೂ ದಡದ ಹತ್ರಾನೇ ಇರ್ತಾನೆ, ಕೈ ಕೊಟ್ರೆ ಬರ್ತಾನೆ ಅಂತ. ಕಚೇರಿಯವರು ಹತ್ತು ಬರ್ಕೊಂಡಿದ್ರು. ಅವನು ಕೂತು ಲೆಕ್ಕ ಹಾಕ್ದ. ಯಾರಿಗೂ ಹೇಳಲಿಲ್ಲ. ತನ್ನ ನಂಬರ್ ಒತ್ತಿ ಕಳಿಸ್ದ. ಬಂದಿದ್ದು ತನ್ನ ತಲೆ ಮೇಲೆ ಬರ್ಲಿ ಅಂತ."

ಹಳಬರು ತಲೆಯಾಡಿಸಿದರು. ಓಟಿಲಿಯಾ ಕೇಳುವ ಕಿವಿಗೆ ಅಂಗೈ ಹಿಡಿದುಕೊಂಡು ಅಳುತ್ತಿದ್ದಳು. ಎಂದೂ ಇಲ್ಲದಷ್ಟು ಸರಾಗವಾಗಿ ತನ್ನ ಬಾಯಿಂದ ಮಾತು ಬಂದದ್ದು ಕಂಡು ಬ್ರೊನೆಕ್‌ಗೆ ಹೆದರಿಕೆಯಾಯಿತು.

"ಹಲ್ಲು ಎಷ್ಟು ಮಾವ?" ರೇಮಂಡ್ ಪೆನ್ನು ತೆಗೆದಿದ್ದ. "ಕಲ್ಲಿನ ಮೇಲೆ ಚಕ್ರ ಕೆತ್ತಿಸ್ತೀನಲ್ಲ, ಎಣಿಸಿದ್ರೆ ಸರಿ ಬರಬೇಕು."

ಬ್ರೊನೆಕ್ ಅಡಿಗೆಮನೆಯ ಬಾಗಿಲ ಕಡೆ ನೋಡಿದ. ಸ್ಟೆಫಾ ದೊಡ್ಡ ಬೋಗುಣಿ ಸೊಂಟಕ್ಕೆ ಒತ್ತಿಕೊಂಡು ನಿಂತಿದ್ದಳು.

"ನಲವತ್ತೈದು," ಎಂದ.

ರೇಮಂಡ್ ಬರೆದುಕೊಂಡ. ಪಾದ್ರಿ ಊಟದ ಪ್ರಾರ್ಥನೆ ಹೇಳಿದರು. ಜನ ಕೂತರು, ಮಾತು ಗಿಜಿಗುಟ್ಟತೊಡಗಿತು. ಸ್ಟೆಫಾ ಬೆಣ್ಣೆ ಹಾಕಿದ ಆಲೂಗಡ್ಡೆಯ ಬೋಗುಣಿ ಹಿಡಿದು ಸಾಲಿನ ಆ ತುದಿಯಿಂದ ಬಡಿಸುತ್ತಾ ಬಂದಳು. ಯಾರು ಬೇಡವೆಂದರೂ ಬಿಡಲಿಲ್ಲ. ಪಾದ್ರಿಗೆ ಎರಡು ಸೌಟು, ರೇಮಂಡ್‌ಗೆ ಎರಡು, ಹೆಣದ ಗಾಡಿ ಓಡಿಸಿದವನಿಗೂ ಎರಡು. ಬ್ರೊನೆಕ್‌ನ ಹತ್ತಿರ ಬಂದು ನಿಂತಳು. ಸೌಟು ಬೋಗುಣಿಯೊಳಗೇ ಇತ್ತು.

"ಸಾಕಾ?" ಎಂದು ಕೇಳಿದಳು.

ಬ್ರೊನೆಕ್ ಇನ್ನೂ ಏನೂ ಬೀಳದ ಬಿಳಿ ತಟ್ಟೆ ನೋಡಿದ.

"ಸಾಕು ಅಕ್ಕ," ಎಂದ.

ಅವಳು ಮುಂದಿನ ತಟ್ಟೆಗೆ ಬಾಗಿದಳು.